ಅಮ್ಮನ ಸೊಂಟ ನೋವಿಗೆ ನೀರನ್ನೇ ದೂರಿದೆವು, ಉತ್ತರ ರಿಪೋರ್ಟಿನ ಗ್ಲೋಬ್ಯುಲಿನ್ ಸಾಲಿನಲ್ಲಿತ್ತು

ಹುಳಮನೆ ಹುಡುಗ (ಶಿಡ್ಲಘಟ್ಟ)

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕೋ ಬೇಡವೋ ಅಂತ ಹದಿನೈದು ದಿನ ಯೋಚನೆ ಮಾಡಿದೆ. ನಮ್ಮ ಕಡೆಯವರು ಒಬ್ಬರಾದರೂ ಓದಿ, ಮನೆಯಲ್ಲಿ ಬೀರುವಿನ ಮೇಲೆ ಬಿದ್ದಿರುವ ರಿಪೋರ್ಟ್ ಕವರ್ ಇಳಿಸಿ ನೋಡಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ರೇಷ್ಮೆ ಸಾಕುವ ಮನೆ. ಅಮ್ಮನಿಗೆ 61. ಯುಗಾದಿ ಕಳೆದ ಮೇಲೆ ಸೊಂಟ ನೋವು ಅಂದರು. ಮೂವತ್ತೈದು ವರ್ಷ ಬಗ್ಗಿ ಬಗ್ಗಿ ಸೊಪ್ಪು ಹಾಕಿದವರಿಗೆ ಸೊಂಟ ಬಾರದೆ ಇರುತ್ತಾ ಅಂತ ನಾವೇ ಸಮಾಧಾನ ಮಾಡಿಕೊಂಡೆವು. ಅದೂ ಅಲ್ಲದೆ ನಮ್ಮೂರಲ್ಲಿ ಅರ್ಧ ಜನಕ್ಕೆ ಸೊಂಟ, ಮಂಡಿ ಹಿಡಿದಿರುತ್ತೆ. ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರು, ಫ್ಲೋರೈಡ್ ಇದೆ ಅಂತ ಎಲ್ಲರಿಗೂ ಗೊತ್ತು. ಪಕ್ಕದ ಮನೆ ಅಜ್ಜಿ ಬಂದು "ಅಂತಾ ಆ ನೀಳ್ಳ ವಲ್ಲೇ" ಅಂದರು. ಎಲ್ಲಾ ಆ ನೀರಿಂದಲೇ ಅಂತ. ನಾವು ಅದನ್ನೇ ನಂಬಿದೆವು. ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದೆವು, ಎಣ್ಣೆ ತಿಕ್ಕಿಸಿದೆವು, ನೋವು ಹೆಚ್ಚಾದಾಗಲೆಲ್ಲ ಒಬ್ಬರ ಹತ್ತಿರ ಹೋಗಿ ಸೂಜಿ ಹಾಕಿಸಿಕೊಂಡು ಬಂದೆವು. ಎಂಟು ತಿಂಗಳು ಹೀಗೇ ಹೋಯಿತು. ಮಧ್ಯದಲ್ಲಿ ಸುಸ್ತು ಅಂದಾಗ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 8.9 ಬಂತು, ಕಬ್ಬಿಣದ ಮಾತ್ರೆ ಕೊಟ್ಟರು.

ಕಾರ್ತಿಕದಲ್ಲಿ ಹುಳ ನಾಲ್ಕನೇ ಜ್ವರ ಎದ್ದಿತ್ತು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಜೋರಾಗಿ ಸೊಪ್ಪು ತಿನ್ನುವ ಹೊತ್ತು. ಆ ಎಂಟು ದಿನ ಮನೆಯಲ್ಲಿ ಯಾರಿಗೂ ನಿದ್ದೆ ಇರಲ್ಲ, ಸಾಕಿದವರಿಗೆ ಗೊತ್ತು. ಅಮ್ಮ ಸೊಪ್ಪಿನ ಹೊರೆ ಇಳಿಸಿ ಒಂದು ಸಲ ಕೆಮ್ಮಿದರು. ಪಕ್ಕೆಯಲ್ಲಿ ಲಟಕ್ ಅಂದ ಸದ್ದು ನನಗೇ ಕೇಳಿಸಿತು. ಹಾಗೇ ಗೋಡೆ ಹಿಡಿದು ಕೂತರು. ಬಿದ್ದಿಲ್ಲ, ಏಟಾಗಿಲ್ಲ, ಬರೀ ಕೆಮ್ಮಿಗೆ ಪಕ್ಕೆಲುಬು ಮುರಿದಿತ್ತು.

ಎಕ್ಸ್‌ರೇ ನೋಡಿದ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, "ಹಳೇ ರಿಪೋರ್ಟ್ ಏನಾದರೂ ಇದೆಯಾ" ಅಂದರು. ಕವರ್ ಕೊಟ್ಟೆ. ನಾಲ್ಕು ತಿಂಗಳ ಹಿಂದಿನ ಹಾಳೆ ತೆಗೆದು ಕೆಂಪು ಪೆನ್ನಲ್ಲಿ ಒಂದು ಅಂಕಿಗೆ ಸುತ್ತು ಹಾಕಿದರು. ಒಟ್ಟು ಪ್ರೋಟೀನ್ 9.8, ಆಲ್ಬುಮಿನ್ 3.2, ಗ್ಲೋಬ್ಯುಲಿನ್ 6.6. ಆಲ್ಬುಮಿನ್, ಗ್ಲೋಬ್ಯುಲಿನ್ ಎರಡೂ ರಕ್ತದಲ್ಲಿರುವ ಪ್ರೋಟೀನ್. ಗ್ಲೋಬ್ಯುಲಿನ್ ಮೂರರ ಆಸುಪಾಸು ಇರಬೇಕಂತೆ. ಅಮ್ಮನದು ಅದರ ಎರಡರಷ್ಟು. ಆ ಹಾಳೆಯನ್ನು ನಾನೇ ಮೂರು ಕಡೆ ತೋರಿಸಿದ್ದೆ. ಹಿಮೋಗ್ಲೋಬಿನ್ ಸಾಲು ಮಾತ್ರ ನೋಡಿದರು, ನಾನೂ ಅಷ್ಟೇ ನೋಡಿದೆ.

ಆಮೇಲೆ ಮಾಡಿಸಿದ್ದರಲ್ಲಿ ಹಿಮೋಗ್ಲೋಬಿನ್ 7.2, ಇಎಸ್‌ಆರ್ (ಕೆಂಪು ಕಣ ಕೊಳವೆಯಲ್ಲಿ ಕೆಳಗಿಳಿಯುವ ವೇಗ) 128, ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಅಂತ ಹೇಳುವ ಅಂಕಿ) 2.3, ಕ್ಯಾಲ್ಸಿಯಂ 11.2, ಎಲ್ಲವೂ ಕೆಟ್ಟಿದ್ದವು. ರಕ್ತದ ಪ್ರೋಟೀನ್‌ಗಳನ್ನು ಬಗೆಬಗೆಯಾಗಿ ಬಿಡಿಸಿ ತೋರಿಸುವ ಸೀರಂ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್ ಅಂತ ಇನ್ನೊಂದು ಪರೀಕ್ಷೆ ಬರೆದರು. ಅದರ ಗೆರೆ ಚಿತ್ರ ನನ್ನ ಫೋನಲ್ಲಿದೆ. ಎಡಗಡೆ ಆಲ್ಬುಮಿನ್ ಒಂದು ದಿಬ್ಬ, ನಡುವೆ ಸಣ್ಣ ಸಣ್ಣ ಏರಿಳಿತ, ಬಲಗಡೆ ತಗ್ಗಾದ ಗುಡ್ಡ ಇರಬೇಕಾದ ಕಡೆ ದೇವಸ್ಥಾನದ ಮುಂದಿನ ಗರುಡಗಂಬದಂತೆ ನೆಟ್ಟಗೆ ಒಂದು ಗೆರೆ. ಮಲ್ಟಿಪಲ್ ಮೈಲೋಮಾ ಅಂದರು, ಮಜ್ಜೆಯಲ್ಲಿ ಬರುವ ಒಂದು ಬಗೆಯ ಕ್ಯಾನ್ಸರ್.

ನನಗೆ ಅರ್ಥವಾದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿಳಿದವರು ತಿದ್ದಿ. ಮೂಳೆಯೊಳಗಿನ ಮಜ್ಜೆಯಲ್ಲಿ ಪ್ಲಾಸ್ಮಾ ಕೋಶ ಅಂತ ಇರುತ್ತವೆ. ಪ್ರತಿಕಾಯ, ಅಂದರೆ ರೋಗಾಣುವಿನ ವಿರುದ್ಧ ಕೆಲಸ ಮಾಡುವ ಪ್ರೋಟೀನ್, ತಯಾರಿಸುವುದು ಅವುಗಳ ಕೆಲಸ. ರಿಪೋರ್ಟಿನ ಗ್ಲೋಬ್ಯುಲಿನ್ ಲೆಕ್ಕದಲ್ಲಿ ಈ ಪ್ರತಿಕಾಯಗಳೂ ಸೇರಿರುತ್ತವೆ. ಒಂದೊಂದು ಕೋಶವೂ ಒಂದೊಂದು ಬಗೆಯ ಪ್ರತಿಕಾಯ ಮಾಡುತ್ತೆ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲು ನೆನಪು ಮಾಡಿಕೊಳ್ಳಿ, ಅವರೆ ಒಂದು ಸಾಲು, ತೊಗರಿ ಒಂದು ಸಾಲು, ಸಾಸಿವೆ, ಹುಚ್ಚೆಳ್ಳು. ಅದೇ ಹೊಲದಲ್ಲಿ ಕಾಂಗ್ರೆಸ್ ಗಿಡ ಒಂದೇ ಎದ್ದು ಎಲ್ಲವನ್ನೂ ಮುಚ್ಚಿದರೆ ಹೇಗೋ ಹಾಗೆ, ಒಂದೇ ಕೋಶದ ಪೀಳಿಗೆ ಬೆಳೆದು ಒಂದೇ ಪ್ರತಿಕಾಯವನ್ನು ಸುರಿಯುತ್ತಾ ಹೋಗುತ್ತೆ. ಅದು ಯಾವ ರೋಗಾಣುವಿನ ಮೇಲೂ ಕೆಲಸ ಮಾಡಲ್ಲ. ಕೆಲಸ ಮಾಡುವ ಪ್ರತಿಕಾಯಗಳು ಕುಸಿಯುತ್ತವೆ. ಹೋದ ಮಳೆಗಾಲದಲ್ಲಿ ಅಮ್ಮನಿಗೆ ಎರಡು ಸಲ ನ್ಯುಮೋನಿಯಾ ಆಗಿತ್ತು, ಅದು ಯಾಕೆ ಅಂತ ಈಗ ಗೊತ್ತಾಯಿತು.

ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ಸೊಂಟ ನೋವು ಅಂದ ತಕ್ಷಣ ನೀರು ಅಂದುಬಿಡುತ್ತೇವೆ. ನೀರಿನದು ಸುಳ್ಳಲ್ಲ. ಆದರೆ ಆ ಮಾತು ಬಂದ ಮೇಲೆ ಮುಂದಕ್ಕೆ ಯಾರೂ ಹುಡುಕಲ್ಲ. ನಾನು ಹೇಳಬೇಕಾಗಿದ್ದು ಅದು.


ಪಾವಗಡ ಬಿಸಿಲು

ಅಣ್ಣ, ಓದಿ ಕೈ ನಡುಗಿತು. ನಮ್ಮಪ್ಪನಿಗೆ 66. ಸೊಂಟ, ಕುತ್ತಿಗೆ ಎರಡೂ ಹಿಡಿದು ಈಗ ತಲೆ ತಿರುಗಿಸಬೇಕಾದರೆ ಇಡೀ ಮೈ ತಿರುಗಿಸುತ್ತಾರೆ. ನೆಲದ ಮೇಲೆ ಕೂತು ಉಂಡು ಐದು ವರ್ಷ ಆಯಿತು. ನಮ್ಮೂರ ನೀರು ಪರೀಕ್ಷೆ ಮಾಡಿದಾಗ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ ಅಂತಲೇ ಬಂದಿತ್ತು. ಇದು ಫ್ಲೋರೋಸಿಸ್ಸೋ ಅದೋ ಅಂತ ಹೇಗೆ ತಿಳಿಯುವುದು? ಅಪ್ಪನ ರಿಪೋರ್ಟ್ ಹುಡುಕಬೇಕು.


ಸ್ಲೈಡ್ ನೋಡುವವಳು (ತುಮಕೂರು)

ನಾನು ಲ್ಯಾಬ್ ಟೆಕ್ನಿಷಿಯನ್, ಹತ್ತೊಂಬತ್ತು ವರ್ಷದಿಂದ. ಹುಳಮನೆ ತಮ್ಮ ಸರಿಯಾಗಿಯೇ ಬರೆದಿದ್ದೀರಿ. ನಮ್ಮ ಕಡೆಯಿಂದ ಕಾಣುವುದನ್ನು ಸ್ವಲ್ಪ ಸೇರಿಸುತ್ತೇನೆ.

ಇಂಥವರ ರಕ್ತ ಬೆಂಚಿಗೆ ಬಂದಾಗ ಕೆಲವು ಸಲ ಸ್ಲೈಡ್ ಎಳೆಯುವಾಗಲೇ ಅನುಮಾನ ಬರುತ್ತೆ. ಬಣ್ಣ ಹಾಕಿದ ಮೇಲೆ ಬರಿಗಣ್ಣಿಗೇ ಹಿನ್ನೆಲೆ ನೀಲಿ ನೀಲಿ. ಅದು ಪ್ರೋಟೀನ್ ಹೆಚ್ಚಾಗಿರುವುದರಿಂದ. ಮೈಕ್ರೋಸ್ಕೋಪಿನಲ್ಲಿ ಕೆಂಪು ಕಣಗಳು ಬಿಡಿಬಿಡಿಯಾಗಿ ಇರದೆ, ಒಂದು ರೂಪಾಯಿ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ ಅಡ್ಡ ಮಲಗಿಸಿದ ಹಾಗೆ ಅಂಟಿಕೊಂಡಿರುತ್ತವೆ. ರೂಲೋ ಅನ್ನುತ್ತೇವೆ. ಆ ಕಟ್ಟು ಭಾರವಾಗಿ ಕೊಳವೆಯಲ್ಲಿ ಬೇಗ ಕೆಳಗಿಳಿಯುತ್ತೆ. ಇಎಸ್‌ಆರ್ ನೂರು ದಾಟುವುದು ಅದಕ್ಕೇ.

ಇನ್ನೊಂದು ವಿಷಯ. ಎಷ್ಟೋ ಜನ "ಮೂತ್ರ ಪರೀಕ್ಷೆ ಆಯ್ತು, ಪ್ರೋಟೀನ್ ಇಲ್ಲ" ಅಂತ ನಿರಾಳವಾಗಿ ಹೋಗುತ್ತಾರೆ. ನಾವು ಅದ್ದುವ ಬಣ್ಣದ ಪಟ್ಟಿ ಮುಖ್ಯವಾಗಿ ಆಲ್ಬುಮಿನ್ ಹಿಡಿಯುತ್ತೆ. ಮೈಲೋಮಾದಲ್ಲಿ ಮೂತ್ರಕ್ಕೆ ಸೋರುವುದು ಪ್ರತಿಕಾಯದ ತುಂಡು, ಲೈಟ್ ಚೈನ್. ಪಟ್ಟಿಗೆ ಅದು ಸರಿಯಾಗಿ ಸಿಗುವುದಿಲ್ಲ. ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಗಟ್ಟಿಯಾಗಿ ಅದನ್ನು ಕಟ್ಟಿಸುವುದೂ ಈ ತುಂಡೇ.

ಇದನ್ನು ಕಂಡುಹಿಡಿದ ಕಥೆ ನನಗೆ ಬಹಳ ಇಷ್ಟ. 1845ರಲ್ಲಿ ಲಂಡನ್‌ನ ಒಬ್ಬ ವ್ಯಾಪಾರಿಗೆ ಮೈಕೈ ಮೂಳೆ ನೋವು. ಅವನ ಮೂತ್ರ ಬಿಸಿ ಮಾಡಿದರೆ ಗಟ್ಟಿಯಾಗುತ್ತಿತ್ತು, ಕುದಿಸಿದರೆ ಕರಗುತ್ತಿತ್ತು, ಆರಿದರೆ ಮತ್ತೆ ಗಟ್ಟಿ. ಚಿಕಿತ್ಸೆ ಕೊಡುತ್ತಿದ್ದ ವೈದ್ಯರು ಅದನ್ನು ಹೆನ್ರಿ ಬೆನ್ಸ್ ಜೋನ್ಸ್ ಅನ್ನುವವರಿಗೆ ಕಳಿಸಿದರು. ಇವತ್ತಿಗೂ ಅದಕ್ಕೆ ಬೆನ್ಸ್ ಜೋನ್ಸ್ ಪ್ರೋಟೀನ್ ಅಂತಲೇ ಹೆಸರು. ಅದು ಪ್ರತಿಕಾಯದ ತುಂಡು ಅಂತ ತಿಳಿಯಲು ನೂರು ವರ್ಷದ ಮೇಲೆ ಬೇಕಾಯಿತು. ಪ್ರತಿಕಾಯದ ರಚನೆ ಬಿಡಿಸಿದ್ದಕ್ಕೆ ಎಡೆಲ್‌ಮನ್ ಮತ್ತು ಪೋರ್ಟರ್ ಅವರಿಗೆ 1972ರಲ್ಲಿ ನೊಬೆಲ್ ಬಂತು. ಆ ಕೆಲಸಕ್ಕೆ ಮೈಲೋಮಾ ರೋಗಿಗಳ ಪ್ರೋಟೀನ್ ದೊಡ್ಡ ಆಸರೆ. ಒಂದೇ ಬಗೆಯ ಪ್ರತಿಕಾಯ ಅಷ್ಟು ರಾಶಿಯಾಗಿ ಬೇರೆಲ್ಲಿ ಸಿಗಬೇಕು?

ದಯವಿಟ್ಟು ಯಾರೂ ಹಳೇ ರಿಪೋರ್ಟ್ ಎಸೆಯಬೇಡಿ. ಲಿವರ್ ಪರೀಕ್ಷೆಯ ಹಾಳೆಯಲ್ಲೇ ಒಟ್ಟು ಪ್ರೋಟೀನ್, ಆಲ್ಬುಮಿನ್ ಇರುತ್ತವೆ. ಗ್ಲೋಬ್ಯುಲಿನ್ ಬರೆದಿಲ್ಲದಿದ್ದರೆ ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ, ಅದೇ ಗ್ಲೋಬ್ಯುಲಿನ್.


ವಾರ್ಡ್ ಡ್ಯೂಟಿ (ತುಮಕೂರು)

ನಾನು ಮೆಡಿಸಿನ್ ವಿಭಾಗದ ವೈದ್ಯ. ಇಲ್ಲಿ ಯಾರ ರೋಗವನ್ನೂ ನಿರ್ಧರಿಸುವುದಿಲ್ಲ. ಆದರೆ ಈ ಚರ್ಚೆ ಓದಿ ಹತ್ತು ಜನ ಹೆದರಬಾರದು, ಹತ್ತು ಜನ ಸುಮ್ಮನೆ ಕೂರಲೂಬಾರದು ಅಂತ ಬರೆಯುತ್ತಿದ್ದೇನೆ.

ಪಾವಗಡದವರೇ, ಫ್ಲೋರೋಸಿಸ್‌ನಲ್ಲಿ ಸಾಮಾನ್ಯವಾಗಿ ಮೂಳೆ ದಟ್ಟವಾಗುತ್ತೆ, ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತೆ. ಮೂಳೆಗೆ ಅಂಟಿದ ಕಟ್ಟುಗಳಲ್ಲಿ ಸುಣ್ಣ ಕಟ್ಟಿ ಬೆನ್ನು ಕೋಲಿನ ಹಾಗೆ ಬಿಗಿಯುತ್ತೆ. ಚಿಕ್ಕಂದಿನಿಂದ ಆ ನೀರು ಕುಡಿದವರ ಹಲ್ಲಿನಲ್ಲಿ ಕಂದು ಪಟ್ಟೆ ಇರುತ್ತೆ. ಮೈಲೋಮಾದಲ್ಲಿ ನಡೆಯುವುದು ತಿರುಗಾಮುರುಗ. ಆ ಕೋಶಗಳು ಮೂಳೆ ಕರಗಿಸುವ ಕೋಶಗಳನ್ನು ಕೆರಳಿಸುತ್ತವೆ, ಮೂಳೆ ಕಟ್ಟುವ ಕೋಶಗಳನ್ನು ಸುಮ್ಮನಾಗಿಸುತ್ತವೆ. ತಲೆಬುರುಡೆಯ ಎಕ್ಸ್‌ರೇಯಲ್ಲಿ ಹುಳ ಕೊರೆದ ಹಾಗೆ ದುಂಡು ತೂತುಗಳು ಕಾಣಬಹುದು. ಕರಗಿದ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೆ ಬರುತ್ತೆ. ಅದರಿಂದ ಬಾಯಾರಿಕೆ, ಮಲಬದ್ಧತೆ, ಮಂಕು.

ಬರೀ ಸೊಂಟ ನೋವಿದ್ದವರೆಲ್ಲ ಈ ಪರೀಕ್ಷೆಗೆ ಓಡಬೇಕಿಲ್ಲ. ಐವತ್ತು ದಾಟಿದವರಿಗೆ ಸೊಂಟ ಅಥವಾ ಪಕ್ಕೆ ನೋವಿನ ಜೊತೆ ಕಾರಣ ತಿಳಿಯದ ರಕ್ತಹೀನತೆ, ಏರುವ ಕ್ರಿಯಾಟಿನಿನ್, ನೂರರ ಹತ್ತಿರದ ಇಎಸ್‌ಆರ್, ಮತ್ತೆ ಮತ್ತೆ ಬರುವ ನ್ಯುಮೋನಿಯಾ ಇವುಗಳಲ್ಲಿ ಯಾವುದಾದರೂ ಸೇರಿದರೆ ಎಲೆಕ್ಟ್ರೋಫೊರೆಸಿಸ್ ಕೇಳಿ. ಗ್ಲೋಬ್ಯುಲಿನ್ ಹೆಚ್ಚಿದ್ದರೆಲ್ಲ ಮೈಲೋಮಾ ಅಲ್ಲ. ಕ್ಷಯ, ಎಚ್‌ಐವಿ, ಲಿವರ್ ಸಿರೋಸಿಸ್, ಸಂಧಿವಾತ, ಇವುಗಳಲ್ಲೂ ಏರುತ್ತೆ. ಆಗ ಬಲಗಡೆ ಅಗಲವಾದ ಗುಡ್ಡ ಬರುತ್ತೆ, ಯಾಕೆಂದರೆ ಅಲ್ಲಿ ಎಲ್ಲ ಬಗೆಯ ಪ್ರತಿಕಾಯಗಳೂ ಹೆಚ್ಚಾಗಿರುತ್ತವೆ. ಕಂಬ ಬಂದರೆ ಒಂದೇ ಪೀಳಿಗೆಯದು. ಹಾಗೆಯೇ ಗ್ಲೋಬ್ಯುಲಿನ್ ಸರಿಯಿದ್ದ ಮಾತ್ರಕ್ಕೆ ಮೈಲೋಮಾ ಇಲ್ಲ ಅಂತಲೂ ಅಲ್ಲ. ಕೆಲವರಲ್ಲಿ ಬರೀ ಲೈಟ್ ಚೈನ್ ತಯಾರಾಗುತ್ತೆ, ಅದಕ್ಕೆ ಫ್ರೀ ಲೈಟ್ ಚೈನ್ ಪರೀಕ್ಷೆ ಬೇಕು.

ಸಣ್ಣ ಕಂಬ ಕಂಡವರು ಎದೆ ಒಡೆದುಕೊಳ್ಳಬೇಡಿ. ಕಂಬದ ಪ್ರೋಟೀನ್ ಡೆಸಿಲೀಟರಿಗೆ 3 ಗ್ರಾಂ ಒಳಗಿದ್ದು, ಮಜ್ಜೆಯಲ್ಲಿ ಪ್ಲಾಸ್ಮಾ ಕೋಶ ಶೇ 10ಕ್ಕಿಂತ ಕಡಿಮೆಯಿದ್ದು, ಮೂಳೆ, ಮೂತ್ರಪಿಂಡ, ರಕ್ತ ಯಾವುದಕ್ಕೂ ತೊಂದರೆಯಾಗಿಲ್ಲದಿದ್ದರೆ ಅದಕ್ಕೆ ಎಂಜಿಯುಎಸ್ ಅನ್ನುತ್ತಾರೆ. ಐವತ್ತು ದಾಟಿದ ನೂರು ಜನರಲ್ಲಿ ಸುಮಾರು ಮೂವರಿಗೆ ಅದು ಇರುತ್ತೆ ಅಂತ ಪಾಶ್ಚಾತ್ಯ ದೇಶಗಳ ಅಧ್ಯಯನಗಳು ಹೇಳುತ್ತವೆ. ಅಂಥವರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬರಲ್ಲಿ ಮಾತ್ರ ಅದು ಮುಂದುವರಿಯುತ್ತೆ. ಔಷಧಿ ಬೇಡ, ಕಾಲಕಾಲಕ್ಕೆ ಪರೀಕ್ಷೆ ಸಾಕು.

ಕೊನೆಯದಾಗಿ ನೋವಿನ ಸೂಜಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗೆಯ ನೋವಿನ ಔಷಧಿ ಮೈಲೋಮಾ ಇದ್ದವರ ಮೂತ್ರಪಿಂಡಕ್ಕೆ ದೊಡ್ಡ ಪೆಟ್ಟು. ಮೊದಲೇ ಲೈಟ್ ಚೈನ್ ಕಟ್ಟಿಕೊಂಡಿರುತ್ತೆ, ಅದರ ಮೇಲೆ ಇದು. ವಾರಕ್ಕೆರಡು ಸೂಜಿ ಚುಚ್ಚಿಸಿಕೊಂಡು ಗದ್ದೆಗೆ ಹೋಗುವವರನ್ನು ದಿನಾ ನೋಡುತ್ತೇನೆ, ಸಂಕಟವಾಗುತ್ತೆ.


ಚಿನ್ನಿ ಅಮ್ಮ (ಕೋಲಾರ)

ನಮ್ಮದು ಬೇರೆ ಕಾಯಿಲೆ, ಆದರೆ ಇದೂ ಪ್ರತಿಕಾಯದ್ದೇ ಕಥೆ ಅಂತ ಬರೆಯುತ್ತಿದ್ದೇನೆ. ನನ್ನ ಮಗಳಿಗೆ ಆರು ವರ್ಷ. ಸ್ನಾನ ಮಾಡಿಸುವಾಗ ಮೊಣಕಾಲ ಕೆಳಗೆಲ್ಲ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆ ನೋಡಿದೆ. ಬೆರಳಲ್ಲಿ ಒತ್ತಿದರೂ ಮಾಸಲಿಲ್ಲ. ರಾತ್ರಿ ಮೂಗಿನಲ್ಲಿ ರಕ್ತ, ಒಂದು ಗಂಟೆಯಾದರೂ ನಿಲ್ಲಲಿಲ್ಲ. ಪ್ಲೇಟ್‌ಲೆಟ್ 9,000. ಒಂದೂವರೆ ಲಕ್ಷದ ಮೇಲಿರಬೇಕಾದ್ದು.

ಎಲ್ಲರೂ ಡೆಂಗಿ ಡೆಂಗಿ ಅಂದರು. ಮಗುವಿಗೆ ಜ್ವರವೇ ಇಲ್ಲ, ಡೆಂಗಿ ಪರೀಕ್ಷೆಯೂ ನೆಗೆಟಿವ್. ಮಾರುಕಟ್ಟೆಗೆ ಟೊಮೆಟೊ ಹಾಕಿ ಬಂದ ನಮ್ಮ ಮಾವ ಪಪ್ಪಾಯಿ ಎಲೆ ರಸ ಹಿಂಡಿಕೊಂಡೇ ಆಸ್ಪತ್ರೆಗೆ ಬಂದರು. ಪ್ರೀತಿಯಿಂದಲೇ ತಂದಿದ್ದು, ಅವರ ಮೇಲೆ ಸಿಟ್ಟಿಲ್ಲ. ಆದರೆ ಆ ರಸ ಕುಡಿದು ಮಗು ವಾಂತಿ ಮಾಡಿ ಮಾಡಿ ಮತ್ತೆ ಮೂಗಲ್ಲಿ ರಕ್ತ ಬಂತು. ಆ ರಾತ್ರಿ ನಾನು ಪಟ್ಟ ಪಾಡು ಯಾವ ತಾಯಿಗೂ ಬೇಡ.

ಮಕ್ಕಳ ಡಾಕ್ಟರ್ ಐಟಿಪಿ ಅಂದರು. ಹದಿನೈದು ದಿನದ ಹಿಂದೆ ಬಂದಿದ್ದ ನೆಗಡಿಯ ವಿರುದ್ಧ ಎದ್ದ ಪ್ರತಿಕಾಯಗಳು ದಾರಿ ತಪ್ಪಿ ಅವಳದೇ ಪ್ಲೇಟ್‌ಲೆಟ್‌ಗಳಿಗೆ ಅಂಟಿಕೊಂಡಿರಬಹುದು. ಹಾಗೆ ಗುರುತು ಬಿದ್ದ ಪ್ಲೇಟ್‌ಲೆಟ್‌ಗಳನ್ನು ಗುಲ್ಮದಲ್ಲಿರುವ (ಸ್ಪ್ಲೀನ್) ಕೋಶಗಳು ನುಂಗುತ್ತವೆ. "ಹಾಗಾದರೆ ಪ್ಲೇಟ್‌ಲೆಟ್ ಏರಿಸಿ ಸರ್" ಅಂತ ಅತ್ತೆ. "ಏರಿಸಿದರೆ ಅದನ್ನೂ ನುಂಗುತ್ತವೆ ಅಮ್ಮ, ಪ್ರಾಣಕ್ಕೆ ಅಪಾಯವಾಗುವ ರಕ್ತಸ್ರಾವಕ್ಕೆ ಮಾತ್ರ ಅದು" ಅಂದರು. ಇಮ್ಯುನೋಗ್ಲೋಬ್ಯುಲಿನ್ ಅನ್ನುವ ಸೀಸೆ ಹಾಕಿದರು. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯಗಳಂತೆ. ಗುಲ್ಮದ ಕೋಶಗಳು ಅದರಲ್ಲಿ ಮುಳುಗಿರುವಾಗ ಮಗುವಿನ ಪ್ಲೇಟ್‌ಲೆಟ್ ತಪ್ಪಿಸಿಕೊಳ್ಳುತ್ತೆ ಅಂತ ಹೇಳಿದರು. ಎರಡು ದಿನಕ್ಕೆ 68,000 ಬಂತು. ಈಗ ಏಳು ತಿಂಗಳಾಯಿತು, 2.4 ಲಕ್ಷ, ಸ್ಕೂಲಿಗೆ ಹೋಗುತ್ತಿದ್ದಾಳೆ. ಇದು ಕ್ಯಾನ್ಸರಾ ಅಂತ ಈಗಲೂ ನೆಂಟರು ಕೇಳುತ್ತಾರೆ. ಅಲ್ಲ ತಾನೇ?


ವಾರ್ಡ್ ಡ್ಯೂಟಿ (ತುಮಕೂರು)

ಅಲ್ಲ ಅಮ್ಮ, ಖಂಡಿತ ಕ್ಯಾನ್ಸರ್ ಅಲ್ಲ. ಮಕ್ಕಳಲ್ಲಿ ಹೆಚ್ಚಿನವರಿಗೆ ಆರು ತಿಂಗಳೊಳಗೆ ತಾನಾಗಿಯೇ ಸರಿಹೋಗುತ್ತೆ. ಚರ್ಮದ ಮೇಲೆ ಬರೀ ಚುಕ್ಕೆ ಇದ್ದರೆ ಔಷಧಿಯನ್ನೇ ಕೊಡದೆ ಕಾಯುವುದೂ ಉಂಟು. ದೊಡ್ಡವರಲ್ಲಿ ಇದು ವರ್ಷಗಟ್ಟಲೆ ಉಳಿಯುವುದು ಜಾಸ್ತಿ. ಮಗುವಿಗೆ ಮತ್ತೆ ಚುಕ್ಕೆ ಕಂಡರೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರ ಕೊಡಬೇಡಿ, ಕೂಡಲೇ ತೋರಿಸಿ.


ಸ್ಲೈಡ್ ನೋಡುವವಳು (ತುಮಕೂರು)

ಚಿನ್ನಿ ಅಮ್ಮ, ನಿಮ್ಮ ಮಗಳ ಕಾಯಿಲೆ ರಕ್ತದೊಳಗಿನ ಯಾವುದೋ ಅಂಶದಿಂದ ಬರುತ್ತೆ ಅಂತ ತೋರಿಸಿಕೊಟ್ಟವರು ಹ್ಯಾರಿಂಗ್ಟನ್ ಅನ್ನುವ ಅಮೆರಿಕದ ಎಳೆಯ ವೈದ್ಯ. 1950ರಲ್ಲಿ ಐಟಿಪಿ ಇದ್ದ ಒಬ್ಬ ಹೆಣ್ಣುಮಗಳ ಅರ್ಧ ಲೀಟರಿನಷ್ಟು ರಕ್ತವನ್ನು ತಮಗೇ ಹಾಕಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್ ನೆಲ ಕಚ್ಚಿತು, ಅಪಸ್ಮಾರ ಬಂತು, ಸಾವಿನ ಬಾಗಿಲು ಮುಟ್ಟಿ ಕೆಲವು ದಿನಕ್ಕೆ ಚೇತರಿಸಿಕೊಂಡರು. ನಮ್ಮ ಟ್ರೈನಿಂಗಿನಲ್ಲಿ ಇದನ್ನು ಹೇಳಿದ ದಿನ ಇಡೀ ತರಗತಿ ಸುಮ್ಮನಾಗಿತ್ತು.


ಗುಬ್ಬಿ ಮೇಷ್ಟ್ರು

ನನ್ನದೂ ಸೇರಿಸಿಕೊಳ್ಳಿ. ಕಣ್ಣು ಹಳದಿಯಾಯಿತು, ಮೂತ್ರ ಕಾಫಿ ಬಣ್ಣ. ಕಾಮಾಲೆ ಅಂತ ಮೂರು ವಾರ ಸೊಪ್ಪಿನ ಔಷಧಿ ಕುಡಿದು ಪಥ್ಯ ಮಾಡಿದೆ. ಕರಿಹಲಗೆ ಮುಂದೆ ಉಸಿರು ಕಟ್ಟಿ ಕುಸಿದ ದಿನ ಹಿಮೋಗ್ಲೋಬಿನ್ 4.8. ಲಿವರ್ ಚೆನ್ನಾಗಿಯೇ ಇತ್ತು. ಕೆಂಪು ಕಣಗಳು ಒಡೆದು ಒಡೆದು ಹಳದಿಯಾಗಿದ್ದು. ಕೂಂಬ್ಸ್ ಪರೀಕ್ಷೆ ಮಾಡಿ ನನ್ನ ಕೆಂಪು ಕಣಗಳಿಗೆ ನನ್ನದೇ ಪ್ರತಿಕಾಯ ಅಂಟಿದೆ ಅಂದರು. ಬ್ಲಡ್ ಬ್ಯಾಂಕಿನಲ್ಲಿ ಒಂದು ಚೀಲವೂ ಹೊಂದಲಿಲ್ಲ. ನನ್ನ ಪ್ರತಿಕಾಯ ಯಾರ ರಕ್ತವನ್ನೂ ಬಿಡುತ್ತಿರಲಿಲ್ಲ. ಕೊನೆಗೆ ಇದ್ದದ್ದರಲ್ಲಿ ಕಡಿಮೆ ಕಚ್ಚಾಡುವ ಚೀಲ ಆರಿಸಿ, ಪಕ್ಕದಲ್ಲೇ ಕೂತು ಹನಿಹನಿಯಾಗಿ ಹಾಕಿದರು. ಸ್ಟೀರಾಯ್ಡ್ ಮಾತ್ರೆಯಿಂದ ಆರು ವಾರಕ್ಕೆ 11ಕ್ಕೆ ಬಂದೆ. ಈಗ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಿದ್ದಾರೆ.


ಸ್ಲೈಡ್ ನೋಡುವವಳು (ತುಮಕೂರು)

ಮೇಷ್ಟ್ರೇ, ಆ ಪರೀಕ್ಷೆ 1945ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಕೂಂಬ್ಸ್, ಮೋರಂಟ್, ರೇಸ್ ಮೂವರೂ ಸೇರಿ ರೂಪಿಸಿದ್ದು. ಮೊಲಕ್ಕೆ ಮನುಷ್ಯರ ಪ್ರೋಟೀನ್ ಚುಚ್ಚಿ, ಅದು ತಯಾರಿಸಿದ ಪ್ರತಿಕಾಯದಿಂದ ನಮ್ಮ ಪ್ರತಿಕಾಯವನ್ನು ಹಿಡಿಯುವ ಉಪಾಯ. ಕೆಂಪು ಕಣಕ್ಕೆ ಪ್ರತಿಕಾಯ ಅಂಟಿದ್ದರೆ ಕಣಗಳೆಲ್ಲ ಒಂದಕ್ಕೊಂದು ಕೈ ಹಿಡಿದು ಮುದ್ದೆಯಾಗುತ್ತವೆ. ಎಂಬತ್ತು ವರ್ಷ ಆದರೂ ದಿನಾ ಅದನ್ನೇ ಮಾಡುತ್ತೇವೆ.


ಬೇವಿನ ನೆರಳು (ಚಿಂತಾಮಣಿ)

ಎಲ್ಲರದ್ದೂ ಓದಿದೆ, ಮನಸ್ಸಿಗೆ ನೋವಾಯಿತು. ಒಂದು ಮಾತು. ಇವೆಲ್ಲ ರೋಗನಿರೋಧಕ ಶಕ್ತಿಯ ಕಾಯಿಲೆಗಳೇ ಆದರೆ, ಅಮೃತಬಳ್ಳಿ ಕಷಾಯ ಕುಡಿದು ಶಕ್ತಿ ಹೆಚ್ಚಿಸಿಕೊಳ್ಳಬಾರದೇಕೆ? ನಮ್ಮ ಮನೆಯಲ್ಲಿ ಕೊರೊನಾ ಕಾಲದಿಂದ ಎಲ್ಲರೂ ಕುಡಿಯುತ್ತೇವೆ.


ಗುಬ್ಬಿ ಮೇಷ್ಟ್ರು

ನನಗೂ ಹಾಗೇ ಅನ್ನಿಸಿತ್ತು, ನಮ್ಮ ಮನೆಯವರೂ ಮಾಡಿಕೊಟ್ಟರು. ನನ್ನನ್ನು ನೋಡುವ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಮೇಷ್ಟ್ರೇ, ನಿಮ್ಮ ಪ್ರತಿಕಾಯ ನಿಮ್ಮ ರಕ್ತವನ್ನೇ ಒಡೆಯುತ್ತಿದೆ, ಅದನ್ನು ಇನ್ನೂ ಹೆಚ್ಚಿಸಬೇಕಾ?" ಅವತ್ತೇ ಬಿಟ್ಟೆ.


ವಾರ್ಡ್ ಡ್ಯೂಟಿ (ತುಮಕೂರು)

ಮೇಷ್ಟ್ರ ಮಾತೇ ಸಾಕು. ಒಂದೇ ಸೇರಿಸುತ್ತೇನೆ. ಅಮೃತಬಳ್ಳಿ ಕುಡಿದವರಲ್ಲಿ ಲಿವರಿಗೆ ಪೆಟ್ಟಾದ ಪ್ರಕರಣಗಳು 2021ರಲ್ಲಿ ಮುಂಬೈಯಿಂದ ವರದಿಯಾಗಿವೆ, ಅವೂ ದೇಹ ತನ್ನ ಮೇಲೇ ತಿರುಗಿಬಿದ್ದ ಬಗೆಯವು. ಕಷಾಯ ಕುಡಿಯುತ್ತಿದ್ದರೆ ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ. ಬೈಯುತ್ತಾರೆ ಅಂತ ಹೇಳದೆ ಇರುವವರೇ ಜಾಸ್ತಿ. ಬೈಯುವುದು ನಮ್ಮ ತಪ್ಪು, ಹೇಳದಿರುವುದರಿಂದ ತೊಂದರೆ ನಿಮಗೆ.


ಮಾವಿನ ತೋಪು (ಶ್ರೀನಿವಾಸಪುರ)

ಖರ್ಚಿನ ವಿಷಯ ಯಾರೂ ಬರೆದಿಲ್ಲ. ನಮ್ಮ ದೊಡ್ಡಪ್ಪನಿಗೂ ಮೈಲೋಮಾ ಇತ್ತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ಮಾಡಿಸಿಕೊಳ್ಳಿ. ನಾವು ಅದಿಲ್ಲದೆ ಬೆಂಗಳೂರಿಗೆ ಹೋಗಿ ಎರಡು ದಿನ ಅಲೆದು ವಾಪಸ್ ಬಂದೆವು. ಬೆಂಗಳೂರಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಕೋಲಾರ, ಕೆಜಿಎಫ್ ಕಡೆಯವರು ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೂ ಹೋಗುತ್ತಾರೆ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿಯಬೇಕು. ಯಾವ ಕ್ಯಾಂಪಸ್ಸಿಗೆ ಹೋಗಬೇಕು ಅಂತ ಹೊರಡುವ ಮೊದಲೇ ಫೋನ್ ಮಾಡಿ ಕೇಳಿ.


ಹುಳಮನೆ ಹುಡುಗ (ಶಿಡ್ಲಘಟ್ಟ)

ಇಷ್ಟೊಂದು ಜನ ಬರೆದಿದ್ದೀರಿ, ಎಲ್ಲರಿಗೂ ಕೈಮುಗಿಯುತ್ತೇನೆ. ತಿಂಗಳ ಮೇಲೆ ಆಸ್ಪತ್ರೆ ಓಡಾಟದಲ್ಲೇ ಇದ್ದೆ, ಈಗ ಊರಿಗೆ ಬಂದೆವು.

ಮಜ್ಜೆ ಪರೀಕ್ಷೆ ಆಯಿತು. ಸೊಂಟದ ಹಿಂದಿನ ಮೂಳೆಗೆ ಮರಗಟ್ಟಿಸುವ ಸೂಜಿ ಹಾಕಿ, ದಪ್ಪ ಸೂಜಿ ತಿರುಗಿಸಿ ಒಳಗೆ ಬಿಟ್ಟರು. ಎಳೆಯುವ ಆ ಒಂದು ಗಳಿಗೆ ಅಮ್ಮ ನನ್ನ ಕೈ ಹಿಡಿದ ಬಿಗಿ ಇನ್ನೂ ಇದೆ. ಬಾಯಿಬಿಡಲಿಲ್ಲ. ಪ್ಲಾಸ್ಮಾ ಕೋಶ ಶೇ 42.

ವಾರಕ್ಕೊಂದು ಸಲ ಹೊಟ್ಟೆಯ ಚರ್ಮಕ್ಕೆ ಬೋರ್ಟೆಝೊಮಿಬ್ ಸೂಜಿ. ಪ್ಲಾಸ್ಮಾ ಕೋಶ ಬಿಡುವಿಲ್ಲದೆ ಪ್ರೋಟೀನ್ ತಯಾರಿಸುತ್ತೆ, ಕೆಟ್ಟ ಪ್ರೋಟೀನ್ ಒಡೆದು ಹೊರಹಾಕುವ ದಾರಿಯನ್ನು ಈ ಔಷಧಿ ಮುಚ್ಚುತ್ತೆ, ಕೋಶ ತನ್ನ ಕಸದಲ್ಲೇ ಉಸಿರು ಕಟ್ಟಿ ಸಾಯುತ್ತೆ ಅಂತ ಡಾಕ್ಟರಮ್ಮ ಹೇಳಿದರು. ಜೊತೆಗೆ ಲೆನಾಲಿಡೊಮೈಡ್ ಮಾತ್ರೆ, ವಾರಕ್ಕೊಂದು ದಿನ ಡೆಕ್ಸಾಮೆಥಾಸೋನ್ ಐದು ಮಾತ್ರೆ ಒಟ್ಟಿಗೆ. ಅದನ್ನು ನುಂಗಿದ ರಾತ್ರಿ ಅಮ್ಮನಿಗೆ ಕಣ್ಣು ಮುಚ್ಚಲ್ಲ. ಎರಡು ಗಂಟೆಗೆ ಎದ್ದು ಪಾತ್ರೆ ಬೆಳಗುತ್ತಾರೆ. ಸರ್ಪಸುತ್ತು ಬಾರದಿರಲಿ ಅಂತ ಒಂದು ಮಾತ್ರೆ, ರಕ್ತ ಹೆಪ್ಪುಗಟ್ಟದಿರಲಿ ಅಂತ ಇನ್ನೊಂದು. ಮೂಳೆಗೆ ಹಾಕುವ ಸೂಜಿಗೆ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ ಬನ್ನಿ ಅಂದರು. ಆ ಔಷಧಿ ಶುರುವಾದ ಮೇಲೆ ಹಲ್ಲು ಕೀಳಿಸಿದರೆ ದವಡೆ ಮೂಳೆ ವಾಸಿಯಾಗದೆ ಉಳಿಯಬಹುದಂತೆ.

ನಾಲ್ಕು ವಾರಕ್ಕೆ ಕ್ರಿಯಾಟಿನಿನ್ 1.4ಕ್ಕೆ ಇಳಿದಿದೆ, ಹಿಮೋಗ್ಲೋಬಿನ್ 9.1. ಚಿಕಿತ್ಸೆ ಶುರುವಾಗುವ ಹೊತ್ತಿಗೆ 8ಕ್ಕೆ ಏರಿದ್ದ ಗ್ಲೋಬ್ಯುಲಿನ್ ಈಗ 5.2. ಅಂಗಾಲು ಜುಮ್ಮೆನ್ನುತ್ತೆ ಅನ್ನುತ್ತಾರೆ, ಅದನ್ನು ಮುಂದಿನ ಸಲ ಹೇಳಬೇಕು.

ಸ್ಲೈಡ್ ಅಕ್ಕ, ಒಂದು ಕೇಳುವುದಿತ್ತು. ಮುಂದೆ ಬೇಕಾದರೆ ಡಾರಾಟುಮುಮಾಬ್ ಅಂತ ಇದೆ ಅಂದರು. ಅದನ್ನು ಕೊಡುವ ಮುಂಚೆ ರಕ್ತದ ಗುಂಪು ಪೂರ್ತಿ ಪರೀಕ್ಷೆ ಮಾಡಿಸಬೇಕು ಅಂದರು. ಅಮ್ಮನದು ಬಿ ಪಾಸಿಟಿವ್ ಅಂತ ಗೊತ್ತಿದೆಯಲ್ಲ?


ಸ್ಲೈಡ್ ನೋಡುವವಳು (ತುಮಕೂರು)

ಒಳ್ಳೆ ಪ್ರಶ್ನೆ ತಮ್ಮ. ಆ ಔಷಧಿಯೇ ಒಂದು ಪ್ರತಿಕಾಯ, ಕಾರ್ಖಾನೆಯಲ್ಲಿ ತಯಾರಿಸಿದ್ದು. ಪ್ಲಾಸ್ಮಾ ಕೋಶದ ಮೇಲಿರುವ ಸಿಡಿ38 ಅನ್ನುವ ಗುರುತಿಗೆ ಅಂಟುತ್ತೆ. ಅದೇ ಗುರುತು ಕೆಂಪು ಕಣಗಳ ಮೇಲೂ ಸ್ವಲ್ಪ ಇದೆ. ಔಷಧಿ ಹಾಕಿದ ಮೇಲೆ ಕ್ರಾಸ್‌ಮ್ಯಾಚ್ (ದಾನಿಯ ರಕ್ತ ಹೊಂದುತ್ತಾ ಅಂತ ನೋಡುವ ಪರೀಕ್ಷೆ) ಮಾಡಿದರೆ ಯಾವ ದಾನಿಯ ರಕ್ತವೂ ಹೊಂದದಂತೆ ಕಾಣುತ್ತೆ, ಮೇಷ್ಟ್ರಿಗೆ ಆದ ಹಾಗೆಯೇ. ಕಾರಣ ಬೇರೆ. ನಿಜವಾದ ಹೊಂದಾಣಿಕೆಯ ತೊಂದರೆ ಅದರ ಹಿಂದೆ ಅಡಗಿದ್ದರೆ ಗೊತ್ತಾಗುವುದಿಲ್ಲ. ಎ, ಬಿ, ಪಾಸಿಟಿವ್, ನೆಗೆಟಿವ್ ಅಲ್ಲದೆ ಕೆಂಪು ಕಣದ ಮೇಲೆ ಇನ್ನೂ ಎಷ್ಟೋ ಗುಂಪುಗಳಿವೆ, ಅವನ್ನು ಮೊದಲೇ ಬರೆದಿಟ್ಟುಕೊಂಡರೆ ಆಗ ಸರಿಯಾದ ಚೀಲ ಆರಿಸಬಹುದು. ಆ ಚೀಟಿ ಅಮ್ಮನ ಫೈಲಿನ ಮೊದಲ ಪುಟಕ್ಕೆ ಅಂಟಿಸಿಡಿ. ರಕ್ತ ಬೇಕಾದಾಗ ಈ ಔಷಧಿ ತೆಗೆದುಕೊಳ್ಳುತ್ತಿದ್ದಾರೆ ಅಂತ ಬ್ಲಡ್ ಬ್ಯಾಂಕಿನವರಿಗೆ ಬಾಯಿಬಿಟ್ಟು ಹೇಳಿ.

ಇಂಥ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ಸಿಕ್ಕಿದ್ದು 1975ರಲ್ಲಿ, ಕೊಹ್ಲರ್ ಮತ್ತು ಮಿಲ್‌ಸ್ಟೈನ್ ಅವರಿಂದ. ಅವರು ಬಳಸಿದ್ದು ಇಲಿಯ ಮೈಲೋಮಾ ಕೋಶ. ಸಾಯದೆ ಬೆಳೆಯುತ್ತಲೇ ಇರುವ ಆ ಕೋಶಕ್ಕೆ ಬೇಕಾದ ಪ್ರತಿಕಾಯ ಮಾಡುವ ಕೋಶವನ್ನು ಬೆಸೆದರು. ಅಮ್ಮನ ಮೂಳೆ ಕೊರೆದ ಬಗೆಯ ಕೋಶದಿಂದಲೇ ಇವತ್ತಿನ ಎಷ್ಟೋ ಔಷಧಿಗಳ ದಾರಿ ತೆರೆದಿದ್ದು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತೆ.


ಪಾವಗಡ ಬಿಸಿಲು

ಅಪ್ಪನ ರಿಪೋರ್ಟ್ ಸಿಕ್ಕಿತು, ಹೊಸದಾಗಿಯೂ ಮಾಡಿಸಿದೆ. ಹಿಮೋಗ್ಲೋಬಿನ್ 12.8, ಕ್ರಿಯಾಟಿನಿನ್ 1.0, ಒಟ್ಟು ಪ್ರೋಟೀನ್ 7.4, ಆಲ್ಬುಮಿನ್ 4.1, ಕಳೆದರೆ 3.3. ಬೆನ್ನಿನ ಎಕ್ಸ್‌ರೇ ಸುಣ್ಣ ಬಳಿದ ಹಾಗೆ ಬೆಳ್ಳಗಿದೆ. ಫ್ಲೋರೋಸಿಸ್ಸೇ ಅಂದರು. ನಮ್ಮ ಬೀದಿಯಲ್ಲಿ ಇನ್ನೂ ನಾಲ್ಕು ಮನೆಯವರಿಗೆ ಕಳೆಯುವ ಲೆಕ್ಕ ಹೇಳಿಕೊಟ್ಟೆ. ಒಬ್ಬ ಅಜ್ಜಿಯದು 5.1 ಬಂದಿದೆ, ಜೊತೆಗೆ ಎರಡು ತಿಂಗಳಿಂದ ಕೆಮ್ಮು, ಸಂಜೆ ಜ್ವರ. ಡಾಕ್ಟರ್ ಸರ್, ಇವರನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?


ವಾರ್ಡ್ ಡ್ಯೂಟಿ (ತುಮಕೂರು)

ನಾಳೆ ಬೆಳಿಗ್ಗೆಯೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮೊದಲು ಕಫ ಪರೀಕ್ಷೆ ಮತ್ತು ಎದೆ ಎಕ್ಸ್‌ರೇ ಮಾಡಿಸಿ. ಕ್ಷಯದ ಪರೀಕ್ಷೆ, ಔಷಧಿ ಎರಡೂ ಅಲ್ಲಿ ಉಚಿತ. ಎಲೆಕ್ಟ್ರೋಫೊರೆಸಿಸ್ ಕೂಡ ಕೇಳಿ, ಗುಡ್ಡವೋ ಕಂಬವೋ ಗೊತ್ತಾಗಲಿ. ಅಲ್ಲಿಯವರೆಗೆ ಅಜ್ಜಿಗೆ ನೋವಿನ ಸೂಜಿ ಬೇಡ.


ಪಾವಗಡ ಬಿಸಿಲು

ಸರಿ ಸರ್. ಏಳೂವರೆ ಬಸ್ಸಿಗೆ ಹೊರಡುತ್ತೇವೆ.